ಅಥಣಿ ಚಪ್ಪಲಿ: ಕೊಳ್ಳುವ ಮೊದಲು ತಿರುಗಿಸಿ ನೋಡಿ

ಕೊಲ್ಹಾಪುರಿ ಎಂದು ಫಲಕ ಹಾಕಿದ ಅಂಗಡಿಗಳಲ್ಲಿ ಸಿಗುವ ಒಳ್ಳೆಯ ಚಪ್ಪಲಿಗಳಲ್ಲಿ ಬಹಳಷ್ಟು ತಯಾರಾಗುವುದು ಬೆಳಗಾವಿ ಜಿಲ್ಲೆಯ ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಮನೆಗಳ ಪಡಸಾಲೆಯಲ್ಲಿ. ಅಲ್ಲಿಂದ ಮೂಟೆಯಾಗಿ ಕೊಲ್ಹಾಪುರಕ್ಕೆ ಹೋಗಿ, ಅಟ್ಟೆಯ, ಅಂದರೆ ತಳದ, ಮೇಲೆ ಅಲ್ಲಿನ ಅಂಗಡಿಯ ಠಸ್ಸೆ ಒತ್ತಿಸಿಕೊಂಡು, ಬೆಲೆ ಏರಿಸಿಕೊಂಡು ಬೆಂಗಳೂರು, ಪುಣೆ, ಮುಂಬಯಿಗೆ ಹೊರಡುತ್ತವೆ. ಇಲ್ಲಿ ಬರೆಯುತ್ತಿರುವುದು ಆ ಠಸ್ಸೆ ಬೀಳುವುದಕ್ಕೆ ಮೊದಲಿನ ಜೋಡಿಯ ಬಗ್ಗೆ, ಅಂದರೆ ಅಥಣಿಯಲ್ಲೇ ಮಾಡುವವರ ಕೈಯಿಂದಲೋ ಊರಿನ ಅಂಗಡಿಯಿಂದಲೋ ಕೊಳ್ಳುವುದರ ಬಗ್ಗೆ. ತೀರ್ಪು ಮೊದಲೇ ಹೇಳಿಬಿಡೋಣ. ಒಣ ನೆಲದಲ್ಲಿ, ವರ್ಷದ ಎಂಟು ತಿಂಗಳು, ಈ ಬೆಲೆಗೆ ಇಷ್ಟು ಗಟ್ಟಿಯಾದ, ಕಾಲು ಬೆವರದ ಚಪ್ಪಲಿ ಬೇರೆ ಸಿಗುವುದು ಕಷ್ಟ. ಮಳೆಗಾಲಕ್ಕೆ, ಒದ್ದೆ ಟೈಲ್ಸಿಗೆ, ದಿನವೂ ಬೈಕಿನ ಗೇರು ಎತ್ತುವ ಕಾಲಿಗೆ ಇದು ಆಗಿಬರುವುದಿಲ್ಲ.

ಅಥಣಿಗೆ ಜಿಲ್ಲಾ ಕೇಂದ್ರವಾದ ಬೆಳಗಾವಿಗಿಂತ ಮಿರಜ್, ವಿಜಯಪುರಗಳೇ ಹತ್ತಿರ. ಊರಿಗೆ ರೈಲಿಲ್ಲ. ಉಗಾರ, ಶೇಡಬಾಳ ಅಥವಾ ಕುಡಚಿಯಲ್ಲಿ ಇಳಿದು ಬಸ್ ಹಿಡಿಯಬೇಕು. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯದ ಊರು. ದೊಡ್ಡ ಕಾಯಿಲೆಗೆ ಮಿರಜಿನ ಆಸ್ಪತ್ರೆ, ಚಪ್ಪಲಿ ಮಾರಲು ಕೊಲ್ಹಾಪುರದ ಪೇಟೆ ಎಂಬ ರೂಢಿ ರಾಜ್ಯ ಬದಲಾದ ಮೇಲೂ ಬದಲಾಗಲಿಲ್ಲ. ಪೇಟೆ ಯಾವ ಊರಿನದೋ ಸರಕಿಗೆ ಆ ಊರಿನ ಹೆಸರು ಬಿತ್ತು, ಅಷ್ಟೇ. ಅಂಗಡಿಯಲ್ಲಿ ಗಿರಾಕಿಯ ಮುಖ ನೋಡಿ 'ಬರ್ರಿ ಸಾಹೇಬ್ರ, ಎಷ್ಟ ನಂಬರ್ ರೀ?' ಎಂದೋ 'ಯಾ ದಾದಾ, ಕಿತಿ ನಂಬರ್?' ಎಂದೋ ಮಾತು ಶುರುವಾಗುತ್ತದೆ. ಚೌಕಾಸಿಯ ಹೊತ್ತಿಗೆ ಕನ್ನಡ, ಮರಾಠಿ ಎರಡೂ ಬೆರೆತಿರುತ್ತವೆ. ಅಟ್ಟೆ ಎಂದರೂ ತಳ ಎಂದರೂ, ಕಿವಿ (ಅಟ್ಟೆಯ ಎಡಬಲಕ್ಕೆ ಏಳುವ ತುಂಡು) ಎಂದರೂ ಕಾನ್ ಎಂದರೂ, ಜಡೆ (ಮೇಲಿನ ತೊಗಲಿನ ಹೆಣಿಕೆ) ಎಂದರೂ ವೇಣಿ ಎಂದರೂ, ಬಾರು (ಹೊಲಿಯುವ ತೊಗಲಿನ ಎಳೆ) ಎಂದರೂ ವಾದಿ ಎಂದರೂ ಅಲ್ಲಿ ಕೈ ಸರಿಯಾದ ಜಾಗಕ್ಕೇ ಹೋಗುತ್ತದೆ. ಮಾಡುವವರ ಮನೆಗಳಲ್ಲಿ ಚಪ್ಪಲಿ ಹೊಲಿಯುವ ಕಾಯಕದ ಶರಣ ಹರಳಯ್ಯನ ಪಟವೂ ಸಂತ ರೋಹಿದಾಸರ (ರವಿದಾಸರ) ಪಟವೂ ಕಾಣಸಿಗುತ್ತವೆ.

ಕಾಗದದ ಮೇಲೂ ಈ ಚಪ್ಪಲಿ ಎರಡೂ ರಾಜ್ಯಗಳದ್ದು. 2018ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿಐ) ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ಎಂಟು ಜಿಲ್ಲೆಗಳಿಗೆ ಸೇರಿದೆ. ಅದಕ್ಕಾಗಿ ನಮ್ಮ ಲಿಡ್ಕರ್, ಅವರ ಲಿಡ್‌ಕಾಮ್ ಎರಡೂ ಚರ್ಮೋದ್ಯಮ ನಿಗಮಗಳು ಕೂಡಿಯೇ ನಿಂತವು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ವಿನ್ಯಾಸವನ್ನು ಹೆಸರು ಹೇಳದೆ ತೋರಿಸಿ ಬೈಸಿಕೊಂಡಿತು. ಆಮೇಲೆ ಮಾಡಿಕೊಂಡ ಒಪ್ಪಂದವೂ ಈ ಎರಡು ನಿಗಮಗಳ ಜೊತೆಗೇ ಆದದ್ದು. ಆದ್ದರಿಂದ 'ಅಥಣಿಯದ್ದು ನಕಲಿ, ಕೊಲ್ಹಾಪುರದ್ದೇ ಅಸಲಿ' ಎಂದು ಯಾರಾದರೂ ಅಂಗಡಿಯವರು ಹೇಳಿದರೆ ಮುಂದಿನ ಅಂಗಡಿಗೆ ನಡೆಯಬಹುದು.

ಇನ್ನು ವಸ್ತು. ಅಟ್ಟೆಗೆ ಎಮ್ಮೆ ಅಥವಾ ಕೋಣದ ದಪ್ಪ ತೊಗಲು, ಜಡೆ ಮತ್ತು ತೆಳು ಪಟ್ಟಿಗಳಿಗೆ ಆಡಿನ ಅಥವಾ ಬೇರೆ ಮೆತ್ತನೆಯ ತೊಗಲು. ಹಳೆಯ ಪದ್ಧತಿಯ ಹದದಲ್ಲಿ ಮೊದಲು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆಯುತ್ತಾರೆ. ಬಳಿಕ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿಯ ನೀರು ತುಂಬಿ ತೂಗುಹಾಕುತ್ತಾರೆ. ನೀರು ಒಳಗಿನಿಂದ ಹೊರಗೆ ಜಿನುಗುತ್ತ ನಾರು ನಾರಿಗೂ ಒಗರು ಹಿಡಿಸುತ್ತದೆ. ಎಲ್ಲ ಸೇರಿ ತಿಂಗಳ ಹತ್ತಿರದ ಕೆಲಸ. ಈಗ ಇದನ್ನು ಮಾಡುವವರು ಕಡಿಮೆಯಾಗಿದ್ದಾರೆ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧ ಬಂತು. ಕರ್ನಾಟಕದಲ್ಲಿ 2021ರಿಂದ ಜಾರಿಯಾದ ಕಾಯ್ದೆಯಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಸ್ಥಳೀಯ ತೊಗಲು ಕಡಿಮೆಯಾಗಿ, ತಮಿಳುನಾಡಿನಲ್ಲಿ ತೊಗಟೆಯಿಂದ ಹದಮಾಡಿದ ಹಾಳೆ ಕೊಂಡು ತರುವುದು ಹೆಚ್ಚಾಗಿದೆ. ಇದು ಮೋಸವೇನಲ್ಲ. ಹದ ಸಸ್ಯದ್ದೇ ಆಗಿದ್ದರೆ ಚಪ್ಪಲಿಯ ಗುಣ ಉಳಿಯುತ್ತದೆ. ಮೋಸ ಆಗುವುದು ಕ್ರೋಮ್ ಹದದ (ಕ್ರೋಮಿಯಂ ಲವಣದಲ್ಲಿ ಹದಮಾಡಿದ) ತೊಗಲನ್ನೋ ರೆಕ್ಸಿನನ್ನೋ ಕಂದು ಬಣ್ಣ ಬಳಿದು ಕೊಟ್ಟಾಗ.

ಕಟ್ಟುವ ಕ್ರಮ ಗೊತ್ತಿದ್ದರೆ ಕೊಳ್ಳುವಾಗ ಕಣ್ಣು ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗುತ್ತದೆ. ನೆನೆಸಿದ ತೊಗಲನ್ನು ಅಳತೆಯ ಅಚ್ಚಿಟ್ಟು ರಂಪಿಗೆಯಲ್ಲಿ (ತೊಗಲು ಕೊಯ್ಯುವ ಉಳಿ) ಕೊಯ್ಯುತ್ತಾರೆ. ಮೇಲಿನ ಅಟ್ಟೆ, ಕೆಳಗಿನ ಅಟ್ಟೆ ಎರಡರ ನಡುವೆ ಎಡಬಲದ ಕಿವಿಗಳ ಬುಡ ಸಿಕ್ಕಿಸಿ ಕೂಡಿಸುತ್ತಾರೆ. ಹಿಮ್ಮಡಿಗೆ ಇನ್ನೂ ಒಂದೆರಡು ಪದರ ಬೀಳುತ್ತದೆ. ಕಲ್ಲಿನ ಮೇಲಿಟ್ಟು ಬಡಿದು ಪದರಗಳು ಒಂದಾದ ಮೇಲೆ, ಅಂಚಿನ ಸುತ್ತ ಆರಿಯಿಂದ (ಚೂಪು ದಬ್ಬಳ) ತೂತು ಹಾಕಿ ತೊಗಲಿನ ಬಾರಿನಿಂದಲೇ ಹೊಲಿಗೆ. ಕೊನೆಗೆ ಕಿವಿಗಳಿಗೆ ಅಡ್ಡಪಟ್ಟಿ, ಹೆಬ್ಬೆರಳಿಗೆ ಉಂಗುಟ, ಮೇಲೆ ಜಡೆ, ಬೇಕಾದವರಿಗೆ ಗೊಂಡೆ. ಕೊಯ್ಯುವುದು, ಅಟ್ಟೆ ಬಡಿಯುವುದು ಹೆಚ್ಚಾಗಿ ಗಂಡಸರ ಪಾಲು. ಕೂದಲೆಳೆಯಂತೆ ಸೀಳಿದ ತೊಗಲಿನಿಂದ ಜಡೆ ಹೆಣೆಯುವುದು, ಪಟ್ಟಿಗೆ ಹೊಲಿಗೆ ಹಾಕುವುದು ಹೆಂಗಸರ ಕೆಲಸ. ಬೆಲೆಯ ವ್ಯತ್ಯಾಸ ಹುಟ್ಟುವುದು ಬಹುತೇಕ ಈ ಎರಡನೆಯ ಕೆಲಸದಲ್ಲಿ. ಅವರ ಹೆಸರು ಮಾತ್ರ ಯಾವ ಠಸ್ಸೆಯಲ್ಲೂ ಇರುವುದಿಲ್ಲ.

ಕೈಗೆ ಬಂದ ಜೋಡಿಯನ್ನು ಮೊದಲು ತಿರುಗಿಸಿ. ಬೆನ್ನ ಕಡೆ, ಅಂದರೆ ಅಟ್ಟೆಯ ಕೆಳಭಾಗದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ ಸಣ್ಣ ತೋಡಿನಲ್ಲಿ ಕೂತ ಬಾರಿನ ಹೊಲಿಗೆ ಕಾಣಬೇಕು. ತೋಡಿನಲ್ಲಿ ಕೂರದೆ ಮೇಲೆದ್ದಿದ್ದರೆ ನೆಲಕ್ಕೆ ಉಜ್ಜಿ ಬೇಗ ಕಡಿಯುತ್ತದೆ. ಹೊಲಿಗೆಯೇ ಇಲ್ಲದೆ ಸಣ್ಣ ಮೊಳೆಗಳ ಸಾಲಿದ್ದರೆ ಅದು ಅವಸರದ ಮಾಲು. ಹಿಮ್ಮಡಿಗೆ ಒಂದೆರಡು ಮೊಳೆ ಹೊಡೆಯುವುದು ಈಗ ಸಾಮಾನ್ಯ, ಅದಕ್ಕೆ ತಕರಾರು ಬೇಡ. ಆದರೆ ಸುತ್ತಲೂ ಮೊಳೆ ಇದ್ದರೆ ಬೇಡವೇ ಬೇಡ.

ಆಮೇಲೆ ಹಿಮ್ಮಡಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅತಿ ಹೆಚ್ಚು ಮೋಸ ಅಡಗಿರುವುದು ಅಲ್ಲಿ. ಪದರ ಪದರವೂ ನಾರು ನಾರಾಗಿ, ಒಂದೇ ಕಂದು ಬಣ್ಣದಲ್ಲಿ ಕಾಣಬೇಕು. ನಡುವಿನ ಪದರ ಬೂದಿ ಬಣ್ಣದ್ದಾಗಿ, ಉಗುರು ಒತ್ತಿದರೆ ಪುಡಿ ಉದುರಿದರೆ ಅದು ರಟ್ಟು. ಹೊರಗಿನ ಎರಡು ಪದರ ತೊಗಲು, ನಡುವೆ ರಟ್ಟು ಇಟ್ಟು ದಪ್ಪ ತೋರಿಸುವುದು ಹಳೆಯ ಚಾಳಿ. ಮೊದಲ ಮಳೆಗೆ ರಟ್ಟು ಉಬ್ಬಿ ಚಪ್ಪಲಿ ಬಾಯಿ ಬಿಡುತ್ತದೆ. ಅಂಚಿಗೆ ಕಪ್ಪು ಬಣ್ಣವನ್ನೋ ಮೇಣವನ್ನೋ ದಪ್ಪಗೆ ಬಳಿದಿದ್ದರೆ ಏನನ್ನೋ ಮುಚ್ಚಿದ್ದಾರೆ ಎಂದುಕೊಳ್ಳಬಹುದು. ಪಟ್ಟಿಯ ತುದಿಯಲ್ಲಿ ಕೊಯ್ದ ಜಾಗ ನೀಲಿ ಬೆರೆತ ಬೂದಿ ಬಣ್ಣ ಕಂಡರೆ ಅದು ಕ್ರೋಮ್ ಹದ. ಮೆತ್ತಗಿರುತ್ತದೆ, ಮೊದಲ ದಿನವೇ ಕಾಲಿಗೆ ಕಚ್ಚುವುದಿಲ್ಲ, ಆದರೆ ಕಾಲು ಬೆವರುತ್ತದೆ. ಅಥಣಿಯವರೆಗೆ ಹೋಗಿ ಅದನ್ನು ತರುವ ಅಗತ್ಯವಿಲ್ಲ.

ವಾಸನೆಯೂ ಹೇಳುತ್ತದೆ. ತೊಗಟೆ ಹದದ ತೊಗಲಿಗೆ ಒಗರು ಬೆರೆತ ಮಣ್ಣಿನ ವಾಸನೆ ಇರುತ್ತದೆ. ಸೀಮೆಎಣ್ಣೆ, ಪ್ಲಾಸ್ಟಿಕ್ಕಿನ ಘಾಟು ಬಂದರೆ ಅಂಟು ಮತ್ತು ರೆಕ್ಸಿನ್. ಅಟ್ಟೆಯ ಒಳಮೈಗೆ ಒಂದು ಹನಿ ನೀರು ಬಿಟ್ಟು ನೋಡಿ, ಅಂಗಡಿಯವರು ಬೇಡ ಎನ್ನುವುದಿಲ್ಲ. ನಿಜವಾದದ್ದು ಅರ್ಧ ನಿಮಿಷದೊಳಗೆ ಹನಿಯನ್ನು ಕುಡಿದು ಕಪ್ಪಾಗುತ್ತದೆ, ಒಣಗಿದ ಮೇಲೆ ಕಲೆ ಬಹುತೇಕ ಮಾಯವಾಗುತ್ತದೆ. ಹನಿ ಮೇಲೆಯೇ ಉರುಳಾಡಿದರೆ ಮೇಲೊಂದು ಪ್ಲಾಸ್ಟಿಕ್ ಪೊರೆ ಇದೆ. ಎಣ್ಣೆ ಹಾಕಿ ಮಿಂಚಿಸಿದ ಜೋಡಿಯಲ್ಲಿ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಆಗ ಎಣ್ಣೆ ಹತ್ತದ ಜಾಗ ಹುಡುಕಬೇಕು. ಒದ್ದೆ ಬಿಳಿ ಕರವಸ್ತ್ರದಿಂದ ಪಟ್ಟಿಯನ್ನು ಉಜ್ಜಿದಾಗ ಬಟ್ಟೆಗೆ ಕೆಂಪೋ ಕಪ್ಪೋ ಗಾಢವಾಗಿ ಹತ್ತಿದರೆ, ನಿಮ್ಮ ಪಾದಕ್ಕೂ ಬಿಳಿ ಧೋತರಕ್ಕೂ ಅದೇ ಹತ್ತುತ್ತದೆ.

ಜಡೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಎಳೆಗಳ ನಡುವೆ ಬೆಳಕು ಕಾಣಬಾರದು. ತುದಿಯ ಗಂಟು ಹೊಲಿಗೆಯಲ್ಲಿ ಮುಗಿದಿರಬೇಕು, ಬರೀ ಅಂಟಿನಲ್ಲಿ ಅಲ್ಲ. ಉಂಗುಟದ ಬುಡವನ್ನು ಎಳೆದು ನೋಡಿ. ಚಪ್ಪಲಿಯಲ್ಲಿ ಅತಿ ಹೆಚ್ಚು ಎಳೆತ ಬೀಳುವ, ಎಲ್ಲಕ್ಕಿಂತ ಮೊದಲು ಕೀಳುವ ಜಾಗ ಅದೇ. ಬುಡವು ಅಟ್ಟೆಯ ಪದರಗಳ ನಡುವೆ ಇಳಿದು ಕೆಳಗೆ ಹೊಲಿಗೆಗೆ ಸಿಕ್ಕಿರಬೇಕು.

ಬಗೆಗಳು ಹಲವು. ಅಗಲ ಕಿವಿಯ, ದಪ್ಪ ಅಟ್ಟೆಯ ಭಾರಿ ಜೋಡಿಗೆ ಕಾಪಶಿ ಎನ್ನುತ್ತಾರೆ, ಕೊಲ್ಹಾಪುರ ಜಿಲ್ಲೆಯ ಕಾಪಶಿ ಊರಿನ ಹೆಸರು ಅದು. ಧೋತರ, ರುಮಾಲಿನ ರೈತರ ಕಾಲಲ್ಲಿ ಚೆನ್ನ, ಮದುವೆ ಮನೆಯಲ್ಲಿ ಇನ್ನೂ ಚೆನ್ನ, ಬೆಂಗಳೂರಿನ ಮೆಟ್ರೊ ಮೆಟ್ಟಿಲಿಗೆ ಭಾರ. ಅದರದೇ ತೆಳು ರೂಪ ಪೇಪರ್ ಕಾಪಶಿ. ಕುರುಂದವಾಡಿ ಇನ್ನೊಂದು ಬಗೆ. ದಿನಬಳಕೆಗೆ ಮೊದಲ ಬಾರಿ ಕೊಳ್ಳುವವರಿಗೆ ಎರಡು ಪದರದ ಅಟ್ಟೆ, ಒಂದೇ ಅಡ್ಡಪಟ್ಟಿ, ಒಂದೆರಡು ಸಾಲು ಜಡೆಯ ಸಾದಾ ಜೋಡಿಯೇ ಸರಿ. ನಡೆದಾಗ ಕರ್ ಕರ್ ಸದ್ದು ಬೇಕೆಂದು ಕೇಳುವವರಿಗೆ ಹಾಗೆಯೇ ಮಾಡಿಕೊಡುವವರೂ ಇದ್ದಾರೆ. ಗ್ರಂಥಾಲಯದಲ್ಲಿ, ಸಾವಿನ ಮನೆಯಲ್ಲಿ ಅದು ಪೇಚಿಗೆ ಸಿಕ್ಕಿಸುತ್ತದೆ ಎಂಬುದು ಕೊಳ್ಳುವಾಗ ನೆನಪಾಗುವುದಿಲ್ಲ.

ಅಳತೆಯ ವಿಷಯದಲ್ಲಿ ಬೂಟಿನ ಲೆಕ್ಕ ನಡೆಯದು. ತೊಗಲು ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಆದ್ದರಿಂದ ಕೊಳ್ಳುವ ದಿನ ಅಡ್ಡಪಟ್ಟಿ ಬಿಗಿಯಾಗಿರಬೇಕು, ಉಂಗುಟದೊಳಗೆ ಹೆಬ್ಬೆರಳು ಒತ್ತಿಕೊಂಡೇ ಹೋಗಬೇಕು. ಆರಾಮಾಗಿ ಜಾರಿ ಹೋದರೆ ಹದಿನೈದು ದಿನಕ್ಕೆ ಸಡಿಲವಾಗಿ, ಹೆಜ್ಜೆಗೊಮ್ಮೆ ಹಿಮ್ಮಡಿ ಬಡಿಯತೊಡಗುತ್ತದೆ. ಉದ್ದ ಮಾತ್ರ ಮೊದಲ ದಿನವೇ ಸರಿಯಿರಬೇಕು, ಹಿಮ್ಮಡಿಯ ಹಿಂದೆ ಅರ್ಧ ಬೆರಳಿನಷ್ಟು ಅಟ್ಟೆ ಉಳಿಯಬೇಕು. ಎರಡೂ ಕಾಲಿಗೆ ಹಾಕಿ ನಿಂತು ನೋಡಿ, ಕೂತಲ್ಲ. ಸಂಜೆ ಪಾದ ತುಸು ಊದಿರುವಾಗ ನೋಡಿದರೆ ಇನ್ನೂ ಒಳ್ಳೆಯದು. ದೂರದಿಂದ ಮಾಡಿಸುವವರು ಎರಡೂ ಪಾದಗಳನ್ನು ಕಾಗದದ ಮೇಲಿಟ್ಟು, ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಎಳೆದು, ಪಾದದ ಬೆನ್ನಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಬರೆದು ಕಳಿಸಬೇಕು. ಬರೀ 'ಎಂಟು ನಂಬರ್' ಎಂದರೆ ಬರುವುದು ಯಾರದೋ ಎಂಟು.

ಕಾಲ ನೋಡಿ ಕೊಳ್ಳುವುದೂ ಮುಖ್ಯ. ಹದವಾದ ತೊಗಲು, ನೆನೆಸಿ ಬಡಿದ ಅಟ್ಟೆ ಎರಡೂ ನೆರಳಲ್ಲಿ ನಿಧಾನ ಒಣಗಬೇಕು. ಆಷಾಢ, ಶ್ರಾವಣದ ತೇವದಲ್ಲಿ ಅದು ಆಗುವುದಿಲ್ಲ. ಅರ್ಧ ಒಣಗಿದ್ದನ್ನು ಹೊಲಿದರೆ ಆಮೇಲೆ ತೊಗಲು ಕುಗ್ಗಿ ಹೊಲಿಗೆ ಸಡಿಲವಾಗುತ್ತದೆ, ಪದರದ ನಡುವೆ ಬೂಷ್ಟು ಹಿಡಿಯುತ್ತದೆ. ದೀಪಾವಳಿಯಿಂದ ಯುಗಾದಿಯವರೆಗೆ ಮಾಡಿದ ಮಾಲು ಕೊಳ್ಳಿ. ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕರೆ ಯಾಕೆ ಅಗ್ಗ ಎಂದು ಕೇಳಿ.

ಮೊದಲ ವಾರ ಕಚ್ಚುತ್ತದೆ. ಇದು ದೋಷವಲ್ಲ, ತೊಗಟೆ ಹದದ ತೊಗಲಿನ ಸ್ವಭಾವ. ಹೆಬ್ಬೆರಳ ಸಂದಿ ಮತ್ತು ಪಾದದ ಬೆನ್ನಿನ ಮೇಲೆ ಗುಳ್ಳೆ ಏಳುವ ಜಾಗಗಳು ಗೊತ್ತಿರುವಂಥವೇ. ಒಂದು ಜೋಡಿಗೆ ಒಂದು ಚಮಚ ಔಡಲ ಎಣ್ಣೆ (ಹರಳೆಣ್ಣೆ) ಅಥವಾ ಕೊಬ್ಬರಿ ಎಣ್ಣೆ ಸಾಕು. ಬೆರಳಲ್ಲಿ ಅದ್ದಿ ಉಂಗುಟದ ಒಳಮೈ, ಪಟ್ಟಿಯ ಒಳಮೈ, ಕಿವಿಯ ಬುಡಕ್ಕೆ ತಿಕ್ಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸಿ. ಮೊದಲ ಮೂರ್ನಾಲ್ಕು ದಿನ ಮನೆಯೊಳಗೆ ಗಂಟೆ, ಎರಡು ಗಂಟೆ ಹಾಕಿಕೊಂಡು ಓಡಾಡಿ, ಆಮೇಲೆ ಬೀದಿಗೆ. ಬೇಗ ಮೆತ್ತಗಾಗಲಿ ಎಂದು ಎಣ್ಣೆಯಲ್ಲಿ ಮುಳುಗಿಸುವವರಿದ್ದಾರೆ. ಹಾಗೆ ಮಾಡಿದರೆ ನಾರು ಸಡಿಲವಾಗಿ ಪಟ್ಟಿ ಜೋಲುತ್ತದೆ, ಅಟ್ಟೆಗೆ ದೂಳು ಮೆತ್ತಿ ಪಾದ ಕಪ್ಪಾಗುತ್ತದೆ, ಅಂಟೂ ಬಿಡುತ್ತದೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತುಸು ಬೇಗ, ಅಷ್ಟೇ ಎಣ್ಣೆ.

ಮಳೆಗೆ ಸಿಕ್ಕರೆ ಗಾಬರಿ ಬೇಡ, ಅವಸರವಂತೂ ಬೇಡವೇ ಬೇಡ. ಅಟ್ಟೆ ನೀರು ಕುಡಿದು ಉಬ್ಬಿರುತ್ತದೆ, ಹೊಲಿಗೆಯ ಬಾರೂ ಉಬ್ಬಿರುತ್ತದೆ. ಬಿಸಿಲಿಗೋ ಒಲೆಯ ಪಕ್ಕವೋ ಇಟ್ಟರೆ ಮೇಲ್ಪದರ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಉಬ್ಬಿಯೇ ಇರುತ್ತದೆ, ನಡುವೆ ಬಾರು ಹರಿಯುತ್ತದೆ. ಮೂತಿ ಮೇಲಕ್ಕೆ ಸೊಟ್ಟಗಾಗುವುದೂ ಹೀಗೆಯೇ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಗಾಳಿಯಾಡುವ ನೆರಳಲ್ಲಿ ಗೋಡೆಗೆ ನಿಲ್ಲಿಸಿ ಎರಡು ದಿನ ಬಿಡಿ, ತುಸು ಹಸಿಯಿರುವಾಗಲೇ ಮೂತಿಯ ಮೇಲೆ ಭಾರ ಇಟ್ಟು ನೆಟ್ಟಗೆ ಮಾಡಿ. ಪೂರ್ತಿ ಒಣಗಿದ ಮೇಲೆ ಎಣ್ಣೆ. ಬೂಷ್ಟು ಬಂದಿದ್ದರೆ ಒಣ ಬಟ್ಟೆಯಲ್ಲಿ ಮನೆಯ ಹೊರಗೆ ಒರೆಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮತ್ತೆ ಬರುತ್ತದೆ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ರಬ್ಬರ್ ಸೋಲಿನ ಮಾತು. ಬರೀ ತೊಗಲಿನ ಅಟ್ಟೆ ಮಣ್ಣು ನೆಲಕ್ಕೆ ಮಾಡಿದ್ದು. ಒದ್ದೆ ಗ್ರಾನೈಟ್, ಟೈಲ್ಸಿನ ಮೇಲೆ ಅದು ಜಾರುತ್ತದೆ, ಟಾರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ನಗರದಲ್ಲಿ ದಿನವೂ ಹಾಕುವವರು ಹೊಸದಿರುವಾಗಲೇ ಮೂರ್ನಾಲ್ಕು ಮಿಲಿಮೀಟರಿನ ರಬ್ಬರ್ ಹಾಕಿಸುವುದು ಒಳ್ಳೆಯದು. ಅಂಟಿಸಿ ಸುತ್ತ ಹೊಲಿಸಿ, ಬರೀ ಅಂಟು ಬೇಸಿಗೆಗೆ ಬಿಟ್ಟುಬರುತ್ತದೆ. ಕೆಳಗಿನಿಂದ ಗಾಳಿಯಾಡುವ ಸುಖ ತುಸು ಹೋಗುತ್ತದೆ, ಅಟ್ಟೆಯ ಆಯಸ್ಸು ಗಣನೀಯವಾಗಿ ಹೆಚ್ಚುತ್ತದೆ. ಶುದ್ಧ ರೂಪವೇ ಬೇಕೆನ್ನುವವರು ಕನಿಷ್ಠ ಹಿಮ್ಮಡಿಗಾದರೂ ತುಂಡು ಹಾಕಿಸಿ. ಹೆಚ್ಚಿನವರದು ಹಿಮ್ಮಡಿಯ ಹೊರಮೂಲೆ ಮೊದಲು ಸವೆಯುತ್ತದೆ. ಸವೆತ ಹೊಲಿಗೆಯ ತೋಡು ಮುಟ್ಟುವ ಮೊದಲೇ ತೇಪೆ ಬಿದ್ದರೆ ಸಣ್ಣ ಖರ್ಚು, ಬಾರು ಕಡಿದ ಮೇಲಾದರೆ ಇಡೀ ಅಟ್ಟೆ ಬಿಚ್ಚಬೇಕು.

ಬೆಲೆ. ಊರಲ್ಲಿ ಸಾದಾ ಜೋಡಿ ಸಾವಿರ ರೂಪಾಯಿಯ ಆಸುಪಾಸು, ಹೆಣಿಕೆ ಹೆಚ್ಚಿದಂತೆ ಎರಡು ಸಾವಿರ ದಾಟುತ್ತದೆ. ಮುನ್ನೂರು, ನಾನ್ನೂರಕ್ಕೆ ರಸ್ತೆಬದಿಯಲ್ಲಿ ಸಿಗುವುದು ತೊಗಲಲ್ಲ ಎಂದೇ ತಿಳಿಯಿರಿ. ಸಾದಾ ಜೋಡಿಗೆ ಒಂದೆರಡು ದಿನದ, ಭಾರಿ ಹೆಣಿಕೆಯದಕ್ಕೆ ವಾರ ಮೀರಿದ ಕೈಕೆಲಸ ಹಿಡಿಯುತ್ತದೆ. ಹೆಚ್ಚಿನ ಮನೆಗಳು ಮುಂಗಡ ತೆಗೆದುಕೊಂಡು ಜೋಡಿಗಿಷ್ಟು ಎಂದು ದಲ್ಲಾಳಿಗೆ ಒಪ್ಪಿಸುತ್ತವೆ. ಪೇಟೆಯಲ್ಲಿ ಬೆಲೆ ಏರಿದರೂ ಆ ಜೋಡಿ ಲೆಕ್ಕ ಅಷ್ಟಾಗಿ ಏರುವುದಿಲ್ಲ. ಹಾಗಾಗಿ ಮಾಡುವವರ ಮನೆಯಲ್ಲೇ ಕೊಳ್ಳುವಾಗ ಚೌಕಾಸಿಗೆ ಇಳಿಯುವುದು ನಮ್ಮ ಮಟ್ಟಿಗೆ ಸರಿಯಲ್ಲ. ಅಂಗಡಿಯಲ್ಲಾದರೆ ಬೇಕಾದಷ್ಟು ಮಾಡಿ, ಅವರೂ ಅದನ್ನು ಸೇರಿಸಿಯೇ ಹೇಳಿರುತ್ತಾರೆ. ಹೆಣೆಯುವ ಹೆಂಗಸರ ಗುಂಪುಗಳನ್ನು ಕಟ್ಟಿ ಟೋಹೋಲ್ಡ್ ಹೆಸರಿನಲ್ಲಿ ನೇರ ವಿದೇಶಕ್ಕೆ ಕಳಿಸಿದ ಪ್ರಯತ್ನ ಅಥಣಿಯಲ್ಲೇ ನಡೆದದ್ದು. ದಲ್ಲಾಳಿಯಿಲ್ಲದೆ ಮಾರಬಹುದು ಎಂಬುದಕ್ಕೆ ಅದೊಂದು ಸಾಕ್ಷಿ. ಲಿಡ್ಕರ್ ಮಳಿಗೆಗಳಲ್ಲೂ ಸಿಗುತ್ತದೆ. ಆಯ್ಕೆ ಊರಿನಷ್ಟು ಇಲ್ಲ, ಆದರೆ ತೊಗಲಿನ ಬಗ್ಗೆ ಅನುಮಾನ ಕಡಿಮೆ.

ಆನ್‌ಲೈನಿನಲ್ಲಿ ಕೊಳ್ಳಲೇಬೇಕಾದರೆ ವಿವರಣೆಯನ್ನು ಬದಿಗಿಟ್ಟು ಚಿತ್ರ ನೋಡಿ. ಅಟ್ಟೆಯ ಕೆಳಭಾಗದ, ಹಿಮ್ಮಡಿ ಅಂಚಿನ ಚಿತ್ರ ಹಾಕದವರಿಂದ ಕೊಳ್ಳಬೇಡಿ. ಕೇಳಿದರೆ ಅಥಣಿಯ ಮಾರಾಟಗಾರರು ವಾಟ್ಸ್ಆಪಿನಲ್ಲಿ ಕಳಿಸುತ್ತಾರೆ. ಎರಡೂ ಚಪ್ಪಲಿ ಪಕ್ಕಪಕ್ಕ ಇಟ್ಟ ಚಿತ್ರ ಕೇಳಿ. ಕೈಕೆಲಸದಲ್ಲಿ ಬಣ್ಣ ಒಂದಿಷ್ಟು ಆಚೀಚೆ ಇದ್ದೇ ಇರುತ್ತದೆ, ಅದಕ್ಕೆ ವಾಪಸ್ ಮಾಡುವುದು ಅನ್ಯಾಯ. ಅಟ್ಟೆಯ ಉದ್ದ ಅಥವಾ ಕಿವಿಯ ಎತ್ತರ ಎಡಕ್ಕೂ ಬಲಕ್ಕೂ ಕಣ್ಣಿಗೆ ಹೊಡೆಯುವಷ್ಟು ಬೇರೆಯಿದ್ದರೆ ಮಾತ್ರ ಬದಲಿಸಿಕೊಡಿ ಎಂದು ಗಟ್ಟಿಯಾಗಿ ಹೇಳಿ, ಕನ್ನಡದಲ್ಲೋ ಮರಾಠಿಯಲ್ಲೋ.